ಸ್ಲೈಡುಗಳೂ ಹಸ್ತಪ್ರತಿಗಳೇ: ಸ್ಕ್ಯಾನರ್ ಆಯ್ಕೆಯ ಕುರಿತು

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಹಳೆಯ ತೋಟದ ಮನೆಗಳಿಗೆ ತಾಡವೋಲೆಯ ಕಟ್ಟುಗಳನ್ನು ಅರಸಿಕೊಂಡು ಹೋಗುವವರಿಗೆ ಈಚೆಗೆ ಇನ್ನೊಂದು ಬಗೆಯ ಸಾಮಗ್ರಿ ಎದುರಾಗುತ್ತಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ, ಡಬ್ಬಿಗಳಲ್ಲಿ ಸಾಲಾಗಿ ಜೋಡಿಸಿಟ್ಟ, ಐದು ಸೆಂಟಿಮೀಟರ್ ಚೌಕದ ಸ್ಲೈಡುಗಳು. ಕಾಫಿ ಸೀಮೆಯಲ್ಲಿ ಕ್ಯಾಮೆರಾದ ಹವ್ಯಾಸ ಹೊಸದಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆದರೆ ಸಾಕು. ಆ ಮನೆಗಳವರು ಈಗ ಕೇಳುವ ಪ್ರಶ್ನೆ ಒಂದೇ: "ಇವನ್ನು ಕಂಪ್ಯೂಟರಿಗೆ ಹಾಕಬೇಕು, ಯಾವ ಸ್ಕ್ಯಾನರ್ ತಗೊಳ್ಳೋದು ಮೇಷ್ಟ್ರೇ?" ಈ ಪ್ರಶ್ನೆಗೆ ಅಂಗಡಿಯವರಿಗಿಂತ ಗ್ರಂಥಸಂಪಾದನೆ ಓದಿದವರು ಚೆನ್ನಾಗಿ ಉತ್ತರಿಸಬಲ್ಲರೆಂಬುದು ನನ್ನ ನಿಲುವು.

ಇವು ಬರಿಯ ಮನೆಯ ನೆನಪುಗಳಲ್ಲ. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು, ಅಂದರೆ ಇಂದಿನ ಅಂಗಡಿಯ ಶಾಸನಗಳು ಬಿ. ಎಲ್. ರೈಸ್ ಅವರ ಕಡೂರು ಜಿಲ್ಲೆಯ ಸಂಪುಟದಲ್ಲಿ 1901ರಲ್ಲೇ ಅಚ್ಚಾದವು. ಆದರೆ ಐವತ್ತು ವರ್ಷಗಳ ಹಿಂದೆ ಅಲ್ಲಿನ ಬಸದಿಗಳ ಸುತ್ತ ಯಾವ ಕಲ್ಲು ಎಲ್ಲಿತ್ತು, ಗೋಡೆ ಯಾವ ಸ್ಥಿತಿಯಲ್ಲಿತ್ತು ಎಂಬುದು ಶಾಸನಪಾಠದಿಂದ ತಿಳಿಯದು. ಬಸದಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆದ ಒಂದು ಸ್ಲೈಡಿನ ಹಿನ್ನೆಲೆ ಅದನ್ನು ಹೇಳಬಲ್ಲದು. ಹಾಗೆಯೇ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಗುವುದಕ್ಕೆ ಮುಂಚಿನ ಬೆಟ್ಟಸಾಲು, ಕಳಸದ ತೇರು, ಕಣದಲ್ಲಿ ಹರಡಿದ ಕಾಫಿ, ಹೆಸರು ಯಾವ ದಾಖಲೆಯಲ್ಲೂ ಇಲ್ಲದ ಆಳುಗಳ ಮುಖಗಳು. ತೆಗೆದವರು ಯಾವುದನ್ನು ಮುಖ್ಯವೆಂದುಕೊಂಡಿದ್ದರೋ ಅದಕ್ಕಿಂತ, ಚಿತ್ರದ ಅಂಚಿಗೆ ತಾನಾಗಿ ಬಂದು ಸೇರಿದ್ದೇ ಸಂಶೋಧಕನಿಗೆ ಹೆಚ್ಚು ಬೇಕಾಗುತ್ತದೆ.

ಅಂಚಿನ ಆ ವಿವರವನ್ನೇ ಸ್ಕ್ಯಾನರ್ ಮೊದಲು ಅಳಿಸುವ ಅಪಾಯವಿದೆ. ಈಗಿನ ಹಲವು ಫಿಲ್ಮ್ ಸ್ಕ್ಯಾನರುಗಳಲ್ಲಿ ಅವಕೆಂಪು ಕಿರಣದಿಂದ ದೂಳು ತೆಗೆಯುವ ವ್ಯವಸ್ಥೆಯಿರುತ್ತದೆ. ಸಾಮಾನ್ಯ ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಆ ಕಿರಣವನ್ನು ಬಿಟ್ಟುಕೊಡುತ್ತವೆ, ದೂಳು ಮತ್ತು ಗೀರು ತಡೆಯುತ್ತವೆ. ಹೀಗೆ ದೂಳಿನ ನಕ್ಷೆಯೊಂದು ಸಿಕ್ಕಿ, ಆ ಜಾಗವನ್ನು ಯಂತ್ರ ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ. ಬೆಳ್ಳಿಯ ಕಣಗಳಿರುವ ಕಪ್ಪು-ಬಿಳುಪು ಫಿಲ್ಮಿನಲ್ಲಿ ಇದು ನಡೆಯದು. ಅಲ್ಲಿ ಚಿತ್ರವೇ ಕಿರಣವನ್ನು ತಡೆಯುತ್ತದೆ. 1935ರಿಂದ 2009ರವರೆಗೆ ತಯಾರಾದ ಕೋಡಕ್ರೋಮ್ ಕೂಡ ತಂಟೆಯದೇ: ಅದರ ಗಾಢ ಭಾಗಗಳನ್ನು ಯಂತ್ರ ದೂಳೆಂದು ಭ್ರಮಿಸಿ ಸೂಕ್ಷ್ಮವಿವರವನ್ನು ನುಂಗಬಹುದು. ಹಸ್ತಪ್ರತಿಯಲ್ಲಿ ಹುಳು ತಿಂದ ಕಡೆ ನಾವು ಚುಕ್ಕಿಗಳನ್ನಿಡುತ್ತೇವೆ, ಊಹಿಸಿದ ಅಕ್ಷರವನ್ನು ಕಂಸದಲ್ಲಿಡುತ್ತೇವೆ. ಯಂತ್ರ ಲುಪ್ತಪಾಠವನ್ನು ತುಂಬುತ್ತದೆ, ಕಂಸ ಹಾಕುವುದಿಲ್ಲ. ಆದ್ದರಿಂದ ಈ ಸೌಲಭ್ಯವನ್ನು ಪೂರ್ತಿ ನಿಲ್ಲಿಸಲು ಬಾರದ ಯಂತ್ರವನ್ನು ಕೊಳ್ಳಲೇಬಾರದು. ಯಾವ ತಿದ್ದುಪಡಿಯೂ ಇಲ್ಲದ ಮೂಲಪ್ರತಿ ಒಂದು, ಮನೆಯವರು ನೋಡಲು ಶುದ್ಧಗೊಳಿಸಿದ ಪ್ರತಿ ಇನ್ನೊಂದು: ಎರಡೂ ಇರಲಿ.

ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಡಿಪಿಐ ಸಂಖ್ಯೆಗೆ ಮರುಳಾಗುವುದೂ ಬೇಡ. ಸಾಮಾನ್ಯ ಚಪ್ಪಟೆ ಸ್ಕ್ಯಾನರಿನ ಮೇಲೆ 6400 ಎಂದು ಬರೆದಿದ್ದರೂ ಅಷ್ಟು ವಿವರ ನಿಜವಾಗಿ ಕೈಗೆ ಬರುವುದಿಲ್ಲ. ದೊಡ್ಡ ಅಳತೆಯ ನೆಗೆಟಿವ್‌ಗಳಿಗೆ ಅದು ಆದೀತು, 24×36 ಮಿಲಿಮೀಟರಿನ ಚೌಕಕ್ಕೆ ಸಾಲದು. ನಿಜವಾದ 4000 ಡಿಪಿಐಯಲ್ಲಿ ಒಂದು ಸ್ಲೈಡ್ ಸುಮಾರು ಎರಡು ಕೋಟಿ ಬಿಂದುಗಳ ಚಿತ್ರವಾಗುತ್ತದೆ. ಬಣ್ಣವೊಂದಕ್ಕೆ 16 ಬಿಟ್ಟಿನ ಟಿಫ್ ಕಡತವಾಗಿ ಉಳಿಸಿದರೆ ಸುಮಾರು 128 ಎಂಬಿ, ಐನೂರು ಸ್ಲೈಡಿಗೆ 64 ಜಿಬಿ. ಈಗಿನ ಕಾಲಕ್ಕೆ ಇದು ಹೊರೆಯಲ್ಲ. ಜೆಪಿಜಿ ಬಿಟ್ಟು ಬೇರೇನನ್ನೂ ಕೊಡದ ಅಗ್ಗದ ಪುಟ್ಟ ಯಂತ್ರಗಳು ಈ ಕೆಲಸಕ್ಕಲ್ಲ. ನಿಕಾನ್ ಕೂಲ್‌ಸ್ಕ್ಯಾನ್ ಒಳ್ಳೆಯದೇ, ಆದರೆ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಕೆಟ್ಟರೆ ಚಿಕ್ಕಮಗಳೂರಿನಲ್ಲಿ ರಿಪೇರಿ ಮಾಡುವವರನ್ನು ಎಲ್ಲಿಂದ ತರುವುದು? ಕೆಲವು ನೂರು ಸ್ಲೈಡುಗಳಿದ್ದರೆ ಪ್ಲಸ್‌ಟೆಕ್‌ನಂಥ, ಒಂದೊಂದನ್ನೇ ಕೈಯಿಂದ ತೂರಿಸುವ ಯಂತ್ರ ಸಾಕು. ಸಾವಿರ ಮೀರಿದರೆ, ಸ್ಲೈಡಿಗೆ ಐದು ನಿಮಿಷವೆಂದರೂ ಎಂಬತ್ತು ಗಂಟೆ ದಾಟುವುದರಿಂದ, ಸ್ಟ್ಯಾಂಡಿಗೆ ಕಟ್ಟಿದ ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಕೆಳಗೊಂದು ಒಳ್ಳೆಯ ಬೆಳಕಿನ ಫಲಕ ಮೇಲು. ಅದರಲ್ಲಿ ಅವಕೆಂಪು ಶುದ್ಧೀಕರಣವಿಲ್ಲ. ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ.

ಯಾವ ಯಂತ್ರವಾದರೂ ಸ್ಲೈಡಿನ ಚೌಕಟ್ಟನ್ನು ಓದುವುದಿಲ್ಲ. ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಊರ ಹೆಸರು, ಕೆಲವದರ ಮೇಲೆ ಅಚ್ಚೊತ್ತಿದ ತಿಂಗಳು-ವರ್ಷ, ಡಬ್ಬಿಯೊಳಗಿನ ಕ್ರಮ: ಇವು ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ಬರೆಯುವ ಪ್ರಶಸ್ತಿಗೆ ಸಮ. (ಅಚ್ಚೊತ್ತಿದ ತಿಂಗಳು ಫಿಲ್ಮ್ ತೊಳೆದ ಕಾಲ, ಚಿತ್ರ ತೆಗೆದ ಕಾಲವಲ್ಲ, ಪ್ರತಿಕಾಲವನ್ನು ಕೃತಿಕಾಲವೆಂದು ಬಗೆದು ನಡೆದ ವಾದಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.) ಸ್ಕ್ಯಾನ್ ಮಾಡುವ ಮುನ್ನ ಚೌಕಟ್ಟಿನ ಎರಡು ಬದಿಯ ಫೋಟೊ ತೆಗೆಯಬೇಕು, ಡಬ್ಬಿಯ ಸಂಖ್ಯೆ ಮತ್ತು ಸ್ಲೈಡಿನ ಸ್ಥಾನವನ್ನೇ ಕಡತದ ಹೆಸರಾಗಿಸಬೇಕು.

ಸ್ಕ್ಯಾನ್ ಆದ ಮೇಲೆ ಸ್ಲೈಡುಗಳನ್ನು ಕಸಕ್ಕೆ ಹಾಕುವವರಿದ್ದಾರೆ. ಅವರಿಗೆ ಮೂಡುಬಿದಿರೆಯ ಧವಲಾ ಗ್ರಂಥದ ಕಥೆ ಹೇಳಬೇಕು. 1939ರಲ್ಲಿ ಹೀರಾಲಾಲ್ ಜೈನ್ ಅವರು ಮೊದಲ ಸಂಪುಟವನ್ನು ಹೊರತಂದದ್ದು ಪ್ರತಿಯ ಪ್ರತಿಗಳನ್ನು ನಂಬಿ. ತಾಳೆಗರಿಯೊಡನೆ ಹೋಲಿಸಿ ನೋಡುವ ಅವಕಾಶ ಒದಗಿದ್ದು ಆಮೇಲೆ. ತಾಳೆಗರಿ ಉಳಿದಿತ್ತು, ಆದ್ದರಿಂದ ಹೋಲಿಕೆ ಸಾಧ್ಯವಾಯಿತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳೆಂದು ಕೊಂಡಾಡುವ ನಾವು, ಮೂಲವನ್ನು ಎಸೆಯುವುದು ಶಾಸ್ತ್ರದಾನದ ಭಾಗವೆಂದು ಎಲ್ಲೂ ಓದಿಲ್ಲ.

ಈ ಕೆಲಸಕ್ಕೆ ಇಲ್ಲಿನ ಮಳೆಗಾಲ ಹೇಳಿಸಿದ್ದಲ್ಲ. ಫಿಲ್ಮಿನ ಜೆಲಟಿನ್ ಪದರ ಬೂಷ್ಟಿಗೆ ಆಹಾರ, ಬೂಷ್ಟು ಹಿಡಿದ ಜೆಲಟಿನ್ ನೀರಿಗೆ ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಕಾಫಿ ಕೊಯ್ಲು ಮುಗಿದು ಮನೆ ಸ್ವಲ್ಪ ಬಿಡುವಾಗುವ ಬೇಸಗೆಯ ಒಣ ವಾರಗಳೇ ಸರಿ. ಆಗ ಮನೆಯ ಹಿರಿಯರನ್ನು ಪರದೆಯ ಮುಂದೆ ಕೂರಿಸಿ, ಯಾರ ಮದುವೆ, ಯಾವ ಬಸದಿ, ಬುಟ್ಟಿ ಹೊತ್ತ ಹೆಂಗಸು ಯಾರು ಎಂದು ಕೇಳಿ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಸ್ಕ್ಯಾನರನ್ನು ಮುಂದಿನ ವರ್ಷವೂ ಕೊಳ್ಳಬಹುದು. ಎಂಬತ್ತೈದು ದಾಟಿದ ಅಜ್ಜಿಯಿರುವ ಮನೆಗಳಲ್ಲಿ, ಯಂತ್ರ ಬರುವ ಮುನ್ನವೇ ಸ್ಲೈಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಈ ಕೇಳುವ ಕೆಲಸವನ್ನು ಶುರುಮಾಡಿ.