ಫಲಾನುಭವಿ ಅಂದರೆ ಯಾರು?

ನಮ್ಮ ಕೇರಿಯ ಹುಡುಗನೊಬ್ಬ ಸಾಮಾಜಿಕ ಭದ್ರತೆಯ ನೀತಿ ತಯಾರಿಸುವ ಸಂಸ್ಥೆಯೊಂದರಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದಾನೆ. ಸಂಬಳ ಇಲ್ಲ, ಬರೀ ಸರ್ಟಿಫಿಕೇಟು. ಬೆಂಗಳೂರಿನ ರೂಮ್ ಬಾಡಿಗೆಗೆ ಅವನವ್ವ ಸಂಘದಲ್ಲಿ ಸಾಲ ಎತ್ತಿದಳು. ಬಡವರ ಬಗ್ಗೆ ಬರೆಯೋದು ಕಲಿಯಬೇಕಾದರೂ ಬಡವರೇ ಸಾಲ ಮಾಡಬೇಕು! ಅಪ್ಪನ ದುಡ್ಡಲ್ಲಿ ಪುಗಸಟ್ಟೆ ದುಡಿಯಬಲ್ಲವರೇ ಆ ಕುರ್ಚಿಗಳಲ್ಲಿ ಕೂರುತ್ತಾರೆ. ನಮ್ಮ ಮುದುಕರ ಹೊಟ್ಟೆಯ ಲೆಕ್ಕ ಬರೆಯುವವರೂ ಅವರೇ.

ಹುಡುಗನಿಗೆ ಸಿಕ್ಕಿದ್ದು ವೃದ್ಧಾಪ್ಯ ವೇತನದ ಕಡತ. 1995ರಲ್ಲಿ ಕೇಂದ್ರ ಸರ್ಕಾರ ತಿಂಗಳಿಗೆ 75 ರೂಪಾಯಿಯಿಂದ ಶುರು ಮಾಡಿತು. 2006ರಲ್ಲಿ 200 ಆಯಿತು. 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ಅಲ್ಲಿಗೇ ನಿಂತಿದೆ. 80 ದಾಟಿದರೆ 500 ಅಂತೆ. ಕೂಲಿ ಮಾಡಿದ ಮೈ ಅಲ್ಲೀತನಕ ಉಳಿಯಬೇಕಲ್ಲ. ರಾಜ್ಯ ತನ್ನ ದುಡ್ಡು ಸೇರಿಸುತ್ತದೆ, ನಿಜ. ಆದರೆ ಅದು ಕೈಗೆ ಬರಬೇಕು.

ಹುಡುಗ ನಮ್ಮ ಕೇರಿಯ ಅಜ್ಜಿಯೊಬ್ಬಳ ಸಂಗತಿ ಬರೆದಿದ್ದ. ಕಳೆ ಕಿತ್ತೂ ಕಿತ್ತೂ ಹೆಬ್ಬೆಟ್ಟಿನ ಗೆರೆ ಸವೆದು, ಮಿಷನ್ನು ಅವಳನ್ನು ಗುರುತು ಹಿಡಿಯಲಿಲ್ಲ. ಮೂರು ಸಲ ಬ್ಯಾಂಕಿಗೆ ನಡೆದಳು. ದೊಡ್ಡವರು ಓದಿ, 'ಇದು ಕಥೆ ಆಯ್ತು, ಡೇಟಾ ಅಲ್ಲ' ಅಂತ ಆ ಪುಟ ಪೂರ್ತಿ ಹೊಡೆದು ಹಾಕಿದರು. ಉಳಿದ ಕಡೆಯೆಲ್ಲ 'ಮುದುಕಿ' ಎಂಬಲ್ಲಿ 'ಫಲಾನುಭವಿ' ಅಂತ ತಿದ್ದಿದರು. ಯಾವ ಫಲ? ಯಾರ ಅನುಭವ?

ಹೊಡೆದು ಹಾಕಿದ ಆ ಪುಟವನ್ನು ಈ ಸಂಚಿಕೆಯಲ್ಲಿ ಒಂದಕ್ಷರ ಬಿಡದೆ ಹಾಕಿದ್ದೇವೆ. ಓದು ಬಲ್ಲವರು ಮನೆಯ ಮುದುಕರಿಗೆ ಓದಿ ಹೇಳಿ. ಪಿಂಚಣಿ ನಿಂತವರ ಹೆಸರು ಬರೆದು ತನ್ನಿ, ತಾಲ್ಲೂಕು ಕಚೇರಿಗೆ ಒಟ್ಟಿಗೇ ಹೋಗೋಣ.