ವೈದ್ಯಕೀಯ ಭೌತಶಾಸ್ತ್ರಕ್ಕೆ ಅಸ್ತಿಭಾರ

ಕಾಲೇಜು ಪ್ರವೇಶದ ಕಾಲವು ಬಂದಿತೆಂದರೆ, ಯಾವ ವಿಷಯದಲ್ಲಿ ಅಂಕಗಳು ಸುಲಭವಾಗಿ ದೊರೆಯುವವೆಂದು ವಿಚಾರಿಸುವ ವಾಡಿಕೆಯು ನಮ್ಮ ತಂದೆತಾಯಿಗಳಲ್ಲುಂಟು. ಬೇರೆಡೆಯಲ್ಲಿ ಈ ಪ್ರಶ್ನೆಯು ಕ್ಷಮ್ಯವಾಗಬಹುದು. ಆದರೆ ಕ್ಯಾನ್ಸರ್ ರೋಗಿಗೆ ಕೊಡತಕ್ಕ ಕಿರಣದ ಪ್ರಮಾಣವನ್ನು ಮುಂದೆ ಗಣಿಸಬೇಕಾದ ವಿದ್ಯಾರ್ಥಿಯ ವಿಷಯದಲ್ಲಿ ಅದು ಕ್ಷಮ್ಯವಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಎಷ್ಟು ಕಿರಣವು ಬೇಕೆಂಬುದನ್ನು ವೈದ್ಯರು ಗೊತ್ತುಪಡಿಸುವರು. ಅದು ಗಡ್ಡೆಯನ್ನು ಸರಿಯಾಗಿ ತಲುಪಿ, ನೆರೆಯ ಅಂಗಗಳನ್ನು ಸುಡದಂತೆ ಯಂತ್ರವನ್ನು ಅಳೆದು ಲೆಕ್ಕವನ್ನು ಕಟ್ಟುವ ಹೊಣೆಯು ವೈದ್ಯಕೀಯ ಭೌತಶಾಸ್ತ್ರಜ್ಞರದು. 1985ರಿಂದ 1987ರ ವರೆಗೆ ಅಮೇರಿಕ, ಕೆನಡಾ ದೇಶಗಳಲ್ಲಿ ಥೆರಾಕ್-25 ಎಂಬ ಯಂತ್ರವು ಗಣಕದ ಕ್ರಮವಿಧಿಯ ದೋಷದಿಂದ ಆರು ರೋಗಿಗಳ ಮೇಲೆ ಅತಿಯಾದ ಕಿರಣವನ್ನು ಸುರಿಸಿತು. ಅವರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಯಂತ್ರವು ತೋರಿಸಿದ ಅಂಕೆಯನ್ನು ಕಣ್ಣುಮುಚ್ಚಿ ನಂಬುವವನಿಗೆ ಈ ಉದ್ಯೋಗವು ತಕ್ಕುದಲ್ಲ.

ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಇದಕ್ಕೆ ಎರಡು ದಾರಿಗಳಿವೆ. ಭೌತಶಾಸ್ತ್ರವು ಮುಖ್ಯ ವಿಷಯವಾಗಿದ್ದ ಪದವಿಯ ತರುವಾಯ ವೈದ್ಯಕೀಯ ಭೌತಶಾಸ್ತ್ರದಲ್ಲಿಯೇ ಎಂ.ಎಸ್ಸಿ. ಮಾಡುವದು ಒಂದು, ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಪಡೆಯುವದು ಇನ್ನೊಂದು. ಬಳಿಕ ಕಿರಣಚಿಕಿತ್ಸೆಯ ಆಸ್ಪತ್ರೆಯಲ್ಲಿ 12 ತಿಂಗಳ ಅಭ್ಯಾಸವೂ ಬೇಕು.

ಹಾಗಾದರೆ ಪದವಿಯಲ್ಲಿ ಆರಿಸತಕ್ಕದ್ದೇನು? ಆಸ್ಪತ್ರೆಯ ಕೆಲಸವೆಂದೊಡನೆ ಗಣಿತವನ್ನು ಬಿಟ್ಟು ಜೀವಶಾಸ್ತ್ರವನ್ನು ಹಿಡಿಯುವವರುಂಟು. ಇದು ತಪ್ಪು. ಅಂಗರಚನೆಯನ್ನೂ ಶರೀರಕ್ರಿಯೆಯನ್ನೂ ವೈದ್ಯಕೀಯ ಭೌತಶಾಸ್ತ್ರದ ತರಗತಿಯಲ್ಲಿ ಕಲಿಸುವರು. ಕಲನಶಾಸ್ತ್ರವನ್ನಾಗಲಿ ಅವಕಲ ಸಮೀಕರಣಗಳನ್ನಾಗಲಿ ಅಲ್ಲಿ ಮೊದಲಿನಿಂದ ಕಲಿಸುವವರಾರು? ಬಾಯಾರಿದಾಗ ಬಾವಿ ತೋಡಿದರೆ ಫಲವೇನು? ಆದುದರಿಂದ ಭೌತಶಾಸ್ತ್ರದ ಜೊತೆಗೆ ಗಣಿತವಿರಲಿ. ವಿದ್ಯುತ್ಕಾಂತತ್ವವನ್ನೂ ಪರಮಾಣು ಮತ್ತು ಬೀಜಕೇಂದ್ರದ ಭೌತಶಾಸ್ತ್ರವನ್ನೂ ಕ್ವಾಂಟಮ್ ಶಾಸ್ತ್ರವನ್ನೂ ಬಿಡಬಾರದು. ವಿಕಿರಣದ ಎಣಿಕೆಯು ಸಂಭಾವ್ಯತೆಯ ನಿಯಮಕ್ಕೆ ಒಳಪಟ್ಟುದಾದ್ದರಿಂದ ಸಂಖ್ಯಾಶಾಸ್ತ್ರವು ಬೇಕು. ಅಳೆಯುವ ಉಪಕರಣವನ್ನು ಅರಿಯಲು ಎಲೆಕ್ಟ್ರಾನಿಕ್ಸ್ ಬೇಕು. ಗಣಕದ ಕ್ರಮವಿಧಿಯನ್ನು ಸ್ವತಃ ಬರೆಯಲು ಬರಬೇಕು. ಇಷ್ಟಾದ ಮೇಲೆ ಅವಕಾಶವಿದ್ದರೆ ಜೀವಶಾಸ್ತ್ರದ ಒಂದು ಪತ್ರಿಕೆಯನ್ನು ಓದಲಿ, ಅದು ಲಾಭವೇ.

ಕಾಲೇಜುಗಳ ಅಧಿಕಾರಿಗಳಿಗೂ ನಮ್ಮದೊಂದು ಮಾತುಂಟು. 2024ರಲ್ಲಿ ಕರ್ನಾಟಕ ಸರಕಾರವು ಮೂರು ವರುಷದ ಪದವಿಯನ್ನು ಪುನಃ ತಂದಿತು. ಈ ಅಲ್ಪಾವಧಿಯಲ್ಲಿ ಪ್ರಯೋಗಶಾಲೆಯ ಗಂಟೆಗಳನ್ನು ಹಾಜರಿಯ ಶಾಸ್ತ್ರಕ್ಕೆ ಮುಗಿಸುವದು ವಿದ್ಯಾರ್ಥಿಗೆ ಮಾಡುವ ದ್ರೋಹ. ಭಾಭಾ ಪರಮಾಣು ಸಂಶೋಧನಾ ಕೇಂದ್ರವು ರೂಪಿಸಿದ ಭಾಭಾಟ್ರಾನ್ ಎಂಬ ಕೋಬಾಲ್ಟ್ ಚಿಕಿತ್ಸಾಯಂತ್ರವು ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿದೆಯೆಂಬುದು ಹೆಮ್ಮೆಯ ಸಂಗತಿ. ಆದರೆ ಸ್ವದೇಶದ ಯಂತ್ರವಿದ್ದರೆ ಸಾಲದು. ಅದನ್ನು ಅಳೆದು ನಡೆಸುವ ಬುದ್ಧಿಯೂ ಸ್ವದೇಶದಲ್ಲಿಯೇ ಸಿದ್ಧವಾಗಬೇಕು. ಮೇಜಿನ ಮೇಲೆ ಮಲಗಿದ ರೋಗಿಯು ತನ್ನ ಲೆಕ್ಕವನ್ನು ತಾನು ಪರೀಕ್ಷಿಸಲಾರನು. ಅವನ ಪರವಾಗಿ ಪರೀಕ್ಷಿಸುವವನ ತಯಾರಿಯು ಪದವಿಯ ಮೊದಲನೆಯ ವರುಷದಲ್ಲಿಯೇ ಆರಂಭವಾಗತಕ್ಕದ್ದು.