ಬಳ್ಳಾರಿಗೆ ಹಿಮ ಬೀಳುವುದಿಲ್ಲ, ಚಳಿಗಾಲ ತಪ್ಪುವುದಿಲ್ಲ

ದಸರಾ ಮುಗಿದು ದೀಪಾವಳಿ ಸಮೀಪಿಸುತ್ತಿದ್ದಂತೆ ಚಳಿಯ ಭವಿಷ್ಯ ನುಡಿಯುವವರ ಹಂಗಾಮು ಆರಂಭವಾಗುತ್ತದೆ. ಪೆಸಿಫಿಕ್ ಸಾಗರದಲ್ಲಿ ಲಾ ನಿನಾ ತಲೆದೋರಿದೆ, ದಶಕಗಳಲ್ಲಿ ಕಾಣದ ಚಳಿ ಕಾದಿದೆ, ದಕ್ಷಿಣದಲ್ಲಿಯೂ ಹಿಮ ಬಿದ್ದರೆ ಅಚ್ಚರಿಯಿಲ್ಲ ಎಂಬ ಮಾತುಗಳು ದೂರದರ್ಶನದ ವಾಹಿನಿಗಳಿಂದ ಹೊರಟು, ಮೊಬೈಲುಗಳ ಮೂಲಕ ಸಿರುಗುಪ್ಪದ ಚಹಾದಂಗಡಿಯನ್ನೂ ಸಂಡೂರಿನ ತಾಂಡಾಗಳನ್ನೂ ತಲುಪುತ್ತವೆ. 2024ರಲ್ಲಿ ಹೀಗೆಯೇ ಆಯಿತು. 2025ರಲ್ಲಿ ಅದೇ ಸುದ್ದಿ ಮತ್ತೆ ಬಂದಿತು.

ನಡೆದದ್ದೇನು? 1901ರಿಂದ ಇಟ್ಟಿರುವ ದಾಖಲೆಗಳಲ್ಲಿ 2024ರ ಅಕ್ಟೋಬರ್ ಭಾರತದ ಅತ್ಯಂತ ಬೆಚ್ಚನೆಯ ಅಕ್ಟೋಬರ್ ಎಂದು ಹವಾಮಾನ ಇಲಾಖೆ ಪ್ರಕಟಿಸಿತು. ಚಳಿಗಾಲದ ಕೊನೆಯ ತಿಂಗಳಾದ 2025ರ ಫೆಬ್ರುವರಿಯೂ ಅದೇ ದಾಖಲೆಗಳಲ್ಲಿ ಅತ್ಯಂತ ಬಿಸಿಯ ಫೆಬ್ರುವರಿಯಾಯಿತು. ಹಿಮದ ಕಥೆ ಹೇಳಿದವರಾರೂ ಮರಳಿ ಬಂದು ತಮ್ಮ ಮಾತು ಸುಳ್ಳಾಯಿತೆಂದು ಹೇಳಲಿಲ್ಲ. ಅಷ್ಟರಲ್ಲಿ ಅವರು ಬಿಸಿಗಾಳಿಯ ಕಥೆ ಆರಂಭಿಸಿದ್ದರು.

ಲಾ ನಿನಾ ಎಂಬುದು ಸುಳ್ಳಲ್ಲ. ಪೆಸಿಫಿಕ್ ಸಾಗರದ ಸಮಭಾಜಕ ವಲಯದ ಮೇಲ್ಮೈ ನೀರು ವಾಡಿಕೆಗಿಂತ ತಂಪಾದಾಗ ಉತ್ತರ ಭಾರತದ ಚಳಿಗಾಲ ಕಠಿಣವಾಗುವ ಒಲವು ಕಂಡುಬಂದಿದೆ. ಆದರೆ ಒಲವು ಬೇರೆ, ನಿಶ್ಚಯ ಬೇರೆ. 15 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿರುವ ಬಳ್ಳಾರಿಯ ಚಳಿಯನ್ನು ನಿರ್ಣಯಿಸುವುದು ಮುಖ್ಯವಾಗಿ ಉತ್ತರದಿಂದ ಇಳಿಯುವ ಒಣಗಾಳಿ ಮತ್ತು ಮೋಡವಿಲ್ಲದ ರಾತ್ರಿ. ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಉಂಟಾಗಿ ಆಕಾಶಕ್ಕೆ ಮೋಡ ಕವಿದರೆ ಸಾಕು, ಮಾಗಿಯ ರಾತ್ರಿಯೂ ಬೆಚ್ಚಗಾಗುತ್ತದೆ. ಇದನ್ನು ಮೂರು ತಿಂಗಳು ಮೊದಲೇ ಊರಿನ ಹೆಸರು ಹಿಡಿದು ಹೇಳಬಲ್ಲವರು ಯಾರೂ ಇಲ್ಲ. ಹೇಳುತ್ತೇನೆ ಎಂದವರು ಮಾರುತ್ತಿರುವುದು ಭಯವನ್ನು.

ಬಳ್ಳಾರಿಗೆ ಹಿಮ ಬೀಳುವುದಿಲ್ಲ. ಉತ್ತರ ಕರ್ನಾಟಕದ ಹೊಲ ಬೆಳ್ಳಗಾಗುವುದು ಆಲಿಕಲ್ಲಿನಿಂದ ಮಾತ್ರ. 2014ರ ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ ಬೀದರ, ಕಲಬುರಗಿ, ವಿಜಯಪುರಗಳ ಕಡೆ ಬಿದ್ದ ಆಲಿಕಲ್ಲು ಕೈಗೆ ಬಂದ ಹಿಂಗಾರು ಬೆಳೆಯನ್ನು ನೆಲಕ್ಕೆ ಒರಗಿಸಿತು. ಆದರೂ ಹಿಮದ ಮಾತಿನಿಂದ ಕಲಿಯಬೇಕಾದುದೊಂದಿದೆ. ಹಿಮಾಲಯದ ಹಳ್ಳಿಗರು ಹಿಮವನ್ನು ಎದುರುನೋಡುವುದು ಅದರ ಚೆಲುವಿಗಾಗಿ ಅಲ್ಲ. ಅವರಿಗೆ ಹಿಮವೆಂದರೆ ಮುಂದಿನ ಬೇಸಿಗೆಯ ಊಟೆ, ಸೇಬಿನ ಗಿಡಕ್ಕೆ ಬೇಕಾದ ತಂಪು, ಗೋಧಿಯ ಹೊಲದ ಹಸಿ. 2024ರ ಜನವರಿಯಲ್ಲಿ ಗುಲ್‌ಮಾರ್ಗದ ಇಳಿಜಾರುಗಳು ಬೋಳಾಗಿ ನಿಂತಾಗ ಪ್ರವಾಸಿಗರ ನಿರಾಶೆ ಸುದ್ದಿಯಾಯಿತು. ಅಲ್ಲಿಯ ರೈತನ ಆತಂಕ ಅಷ್ಟು ಸುದ್ದಿಯಾಗಲಿಲ್ಲ. ಹಿಮ ಅಲ್ಲಿಯ ನೀರಿನ ಕಣಜ. ಹಾಗಾದರೆ ಬಳ್ಳಾರಿಯ ಚಳಿಗಾಲದ ಕಣಜ ಯಾವುದು?

ಅದು ಎರೆ ಭೂಮಿ. ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು 150ರಿಂದ 200 ಮಿಲಿಮೀಟರ್ ಮಳೆಗೆ ಸಮನಾದ ನೀರನ್ನು ಬೆಳೆಗೆ ದಕ್ಕುವಂತೆ ಹಿಡಿದಿಡಬಲ್ಲದು. ಬಿಳಿಜೋಳ, ಕಡಲೆ, ಕುಸುಬೆಗಳು ನವೆಂಬರಿನಿಂದ ಫೆಬ್ರುವರಿಯವರೆಗೆ ಒಂದು ಹನಿ ಮಳೆಯಿಲ್ಲದಿದ್ದರೂ ಬದುಕುವುದು ಈ ಸಂಗ್ರಹದ ಮೇಲೆ. ರಾತ್ರಿಯ ತಂಪು ಈ ಖರ್ಚನ್ನು ಹಿಡಿತದಲ್ಲಿಡುತ್ತದೆ. ಮುಂಜಾವಿನ ಇಬ್ಬನಿಯಿಂದಲೇ ಹಿಂಗಾರು ಬೆಳೆ ಬೆಳೆಯುತ್ತದೆಂಬ ನಂಬಿಕೆ ರೈತರಲ್ಲಿದೆ. ಒಂದು ರಾತ್ರಿಯ ಇಬ್ಬನಿಯನ್ನು ಅಳೆದರೆ ಅದು ಒಂದು ಮಿಲಿಮೀಟರಿಗೂ ಕಡಿಮೆ, ಬೇರಿನವರೆಗೆ ಇಳಿಯುವುದಿಲ್ಲ. ಆದರೆ ಎಲೆ ತೇವವಾಗಿರುವಷ್ಟು ಹೊತ್ತು ಗಿಡ ತನ್ನ ನೀರನ್ನು ಗಾಳಿಗೆ ಬಿಡುವುದಿಲ್ಲ. ಕಡಲೆಯ ಹೊಲದ ಮೇಲೆ ರಾತ್ರಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಕಡಲೆ ಹುಳಿ ತೆಗೆಯುತ್ತಿದ್ದ ಹಿರಿಯರಿಗೆ ಇಬ್ಬನಿಯ ಲೆಕ್ಕ ಇತರರಿಗಿಂತ ಚೆನ್ನಾಗಿ ತಿಳಿದಿತ್ತು.

ಈ ಕಣಜಕ್ಕೆ ಎರಡು ಶತ್ರುಗಳು. ಮೊದಲನೆಯದು, ಬೆಚ್ಚನೆಯ ಚಳಿಗಾಲ. ಹೂಬಿಡುವ ಕಾಲದಲ್ಲಿ ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿದರೆ ಕಡಲೆಯ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದು ತಗ್ಗುತ್ತದೆ. ಹಸಿ ಬೇಗ ಆರಿದರೆ ಬಿಳಿಜೋಳದ ಕಾಂಡಕ್ಕೆ ಇದ್ದಿಲು ಕೊಳೆ ತಗಲಿ, ತೆನೆ ಬಲಿಯುವ ಮೊದಲೇ ಗಿಡ ನೆಲಕ್ಕೆ ಬೀಳುತ್ತದೆ. ಹಿಮದ ಭಯದಲ್ಲಿ ಕುಳಿತವನಿಗೆ ಈ ಅಪಾಯ ಕಾಣುವುದೇ ಇಲ್ಲ. ಎರಡನೆಯದು, ಹರಿದು ಹೋಗುವ ನೀರು. ಬಳ್ಳಾರಿಗೆ ವರ್ಷಕ್ಕೆ ಬೀಳುವುದು ಸುಮಾರು 500 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನ ಕೆಲವೇ ಬಿರುಸು ಮಳೆಗಳಲ್ಲಿ ಬರುತ್ತದೆ. ಇಲ್ಲಿಯ ಎರೆಮಣ್ಣು ಜಿಗುಟು; ನೀರನ್ನು ಬಹು ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ತಡೆಯುವವರಿಲ್ಲದಿದ್ದರೆ ಚಳಿಗಾಲದ ಊಟ ಹಳ್ಳ ಹಿಡಿದು ಹಗರಿಗೆ ಹೋಗುತ್ತದೆ.

ತಡೆಯುವ ವಿದ್ಯೆ ಹೊಸದಾಗಿ ಎಲ್ಲಿಂದಲೋ ಬರಬೇಕಾಗಿಲ್ಲ. 1930ರ ದಶಕದಲ್ಲಿ ದೇಶದಲ್ಲಿ ಆರಂಭವಾದ ಕೆಲವೇ ಒಣಬೇಸಾಯ ಸಂಶೋಧನಾ ಕೇಂದ್ರಗಳಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರುಗಳ ಜೊತೆ ಹಗರಿಯೂ ಒಂದಾಗಿತ್ತು. ಬಳ್ಳಾರಿ ನಗರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಲ್ಲಿ ಸ್ಥಾಪನೆಯಾಯಿತು. ಮುಂಗಾರಿನಲ್ಲಿ ಖಾಲಿ ಇರುವ ಹೊಲವನ್ನು ಸಣ್ಣ ಬದುಗಳಿಂದ ಚೌಕುಮಡಿಗಳಾಗಿ ವಿಂಗಡಿಸಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು, ಇಳಿಜಾರಿಗೆ ಅಡ್ಡವಾಗಿ ತೋಡಿದ ಕಿರುಗಾಲುವೆಗಳಲ್ಲಿ ಜೋಳದ ಕೊಯ್ಲೆಗಳನ್ನು ನಿಲ್ಲಿಸಿ ಆಳಕ್ಕೆ ನೀರಿನ ದಾರಿ ಮಾಡುವುದು, ಬಿರುಕುಗಳನ್ನು ಎಡೆಕುಂಟೆಯಿಂದ ಮುಚ್ಚುವುದು, ಇವೆಲ್ಲ ಇದೇ ಮಣ್ಣಿನಲ್ಲಿ ಪರೀಕ್ಷೆಯಾದ ಕ್ರಮಗಳು. ಎಪ್ಪತ್ತು ವರ್ಷಗಳಿಂದ ತಿಳಿದಿರುವುದು ಹೊಲಕ್ಕೆ ಇಳಿದಿಲ್ಲವಾದರೆ ತಪ್ಪು ತಿಳಿವಳಿಕೆಯದಲ್ಲ, ಸರ್ಕಾರದ ಪಂಚಾಂಗದ್ದು. ಆ ಪಂಚಾಂಗದಲ್ಲಿ ಬದು ಹಾಕುವ ಕೂಲಿ ಕೆಲಸ ಬೇಸಿಗೆಯದು, ನೆಲ ಕಲ್ಲಾಗಿರುವಾಗಿನದು. ಚೌಕುಮಡಿಗೆ ಬೇಕಾದುದು ಮಳೆಗಳ ನಡುವಿನ ಹದ. 2025ರ ಡಿಸೆಂಬರಿನಲ್ಲಿ 2005ರ ಉದ್ಯೋಗ ಖಾತರಿ ಕಾಯ್ದೆಯ ಬದಲಿಗೆ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಂತೂ ಬಿತ್ತನೆ, ಕಟಾವಿನ ದಿನಗಳಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕೆಲಸ ನಿಲ್ಲಿಸಲು ಅವಕಾಶ ಕೊಡುತ್ತದೆ. ಹಿಂಗಾರಿನ ನೆಲ ಹದಗೊಳ್ಳುವ ವಾರಗಳೇ ಆ ಅರವತ್ತರೊಳಗೆ ಸೇರಿಬಿಟ್ಟರೆ ಆ ಬದುಗಳನ್ನು ಯಾರು ಹಾಕಬೇಕು?

ಇನ್ನು ಚಳಿಯ ಮಾತು. ಹಿಮವಿಲ್ಲವೆಂದ ಮಾತ್ರಕ್ಕೆ ಚಳಿಯಿಲ್ಲವೆಂದಲ್ಲ. ಹವಾಮಾನ ಇಲಾಖೆಯ ನಿಯಮದಂತೆ ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದಾಗ ಶೀತಗಾಳಿ ಎಂಬ ಹೆಸರು. ಬಳ್ಳಾರಿಯಲ್ಲಿ ರಾತ್ರಿಯ ಉಷ್ಣಾಂಶ ವಾಡಿಕೆಗಿಂತ 5 ಡಿಗ್ರಿ ಕುಸಿದು 11ಕ್ಕೆ ನಿಂತರೆ ಕಡತದ ಪ್ರಕಾರ ಏನೂ ಆಗಿಲ್ಲ. ಬಯಲಿನಲ್ಲಿ ಮಂದೆ ನಿಲ್ಲಿಸಿ ಕರಿಕಂಬಳಿ ಹೊದ್ದು ಮಲಗಿದ ಕುರಿಗಾಹಿಗೆ ಆಗಿದೆ; ಆ ವಾರ ಹುಟ್ಟಿದ ಮರಿಗೆ ಆಗಿದೆ; ತಗಡಿನ ಜೋಪಡಿಯಲ್ಲಿರುವ ಗಣಿ ಕೂಲಿಯ ಮಗುವಿಗೆ ಆಗಿದೆ. ವರ್ಷದಲ್ಲಿ ಹತ್ತು ತಿಂಗಳು ಬಿಸಿಲಿಗೆ ಒಗ್ಗಿದ ಮೈಗೆ 11 ಡಿಗ್ರಿ ಏನೆಂಬುದನ್ನು ದೆಹಲಿಯ ಮೈಯಿಂದ ಅಳೆಯಲಾಗದು. ಕರಾವಳಿಯ ಊರುಗಳಿಗೆ ಇದೇ ಇಲಾಖೆ 15 ಡಿಗ್ರಿಯ ಬೇರೆ ಮಿತಿ ಇಟ್ಟಿದೆ. ಒಣ ದಖ್ಖನಿಗೂ ಅದರದೇ ಮಿತಿ ಇರಬಾರದೇಕೆ?

ಗುಡ್ಡದ ವಿಷಯವಂತೂ ಇನ್ನೂ ಸೂಕ್ಷ್ಮ. ಸಂಡೂರು ಸುತ್ತಲೂ ಬೆಟ್ಟಗಳಿರುವ ಬಟ್ಟಲಿನಂಥ ಕಣಿವೆ. ನಿರಭ್ರ ರಾತ್ರಿಯಲ್ಲಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದ ತಗ್ಗಿನ ಹೊಲ ಏರಿನ ಹೊಲಕ್ಕಿಂತ ತಣ್ಣಗಿರುವುದುಂಟು. ದೂರದ ಪಟ್ಟಣದಲ್ಲಿ ಅಳೆದ ಉಷ್ಣಾಂಶವನ್ನು ಈ ಕಣಿವೆಗೆ ಅನ್ವಯಿಸುವುದು ಒಬ್ಬನ ನಾಡಿ ಹಿಡಿದು ಇನ್ನೊಬ್ಬನಿಗೆ ಔಷಧ ಕೊಟ್ಟಂತೆ.

ಸಿರುಗುಪ್ಪದ ನೀರಾವರಿ ಸೀಮೆಯ ಚಳಿಗಾಲ ಬೇರೆಯದೇ. ಎರಡನೆಯ ಬೆಳೆಗೆ ಡಿಸೆಂಬರಿನಲ್ಲಿ ಭತ್ತದ ಸಸಿಮಡಿ ಹಾಕಿದರೆ ತಂಪಿಗೆ ಮೊಳಕೆ ತಡವಾಗಿ ಸಸಿ ಹಳದಿಯಾಗುತ್ತದೆ. ರಾತ್ರಿ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಬೆಳಗ್ಗೆ ಮಡಿಯ ತಣ್ಣೀರು ಬಸಿದು ಬೇರೆ ನೀರು ಕೊಡುವುದು ಇದಕ್ಕೆ ಉಪಾಯ. ತಂಪು ರಾತ್ರಿ ಮತ್ತು ಇಬ್ಬನಿ ಸೇರಿದರೆ ಬೆಂಕಿ ರೋಗ. ಕುರುಗೋಡಿನ ಕಡೆ ಕಣದಲ್ಲಿ ಹರಡಿದ ಮೆಣಸಿನಕಾಯಿಗೆ ರಾತ್ರಿ ತಾಡಪಾಲು ಹೊದಿಸದಿದ್ದರೆ ಬಣ್ಣ ಹೋಗುತ್ತದೆ. 2021ರ ನವೆಂಬರಿನ ಅಕಾಲ ಮಳೆ ಭತ್ತವನ್ನೂ ಮೆಣಸಿನಕಾಯಿಯನ್ನೂ ಒಟ್ಟಿಗೆ ಕೊಳೆಸಿತು, ಅದೇ ಹಂಗಾಮಿನಲ್ಲಿ ಕರಿ ಥ್ರಿಪ್ಸ್ ನುಸಿ ಉಳಿದುದನ್ನೂ ತಿಂದಿತು. ಆದರೆ ಇವೆಲ್ಲ ರೈತನ ಕೈಯಳತೆಯ ಸಿದ್ಧತೆಗಳು. ಅವನ ಕೈಗೆ ಮೀರಿದ್ದು ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟಿನ ಭರವಸೆಯಲ್ಲಿ 2025ರಲ್ಲಿ 80 ಟಿ.ಎಂ.ಸಿ.ಯಷ್ಟೇ ನೀರು ನಿಲ್ಲಿಸಲಾಯಿತು. ಹಳೆಯ ಗೇಟುಗಳನ್ನು ಬದಲಿಸಬೇಕೆಂದು ಆ ವರ್ಷದ ಕೊನೆಗೆ ಎರಡನೆಯ ಬೆಳೆಗೆ ನೀರಿಲ್ಲವೆಂಬ ತೀರ್ಮಾನವಾಯಿತು. ಗೇಟು ಬದಲಿಸಲೇಬೇಕು, ಅದನ್ನು ಯಾರೂ ವಿರೋಧಿಸಲಾರರು. ಆದರೆ ಕಾಲುವೆ ಒಣಗಿದ ಚಳಿಗಾಲಕ್ಕೆ ಪರ್ಯಾಯವಾಗಿ ಕಡಲೆ ಬೀಜ, ಜೋಳದ ಬೀಜ, ಜಾನುವಾರುಗಳಿಗೆ ಮೇವು ಮೊದಲೇ ಸಿದ್ಧವಾಗಿರಬೇಕು. ಭತ್ತದ ಹುಲ್ಲು ಕಡಿಮೆಯಾದರೆ ಸಂಡೂರಿನ ಗುಡ್ಡದ ದನಕ್ಕೂ ಮೇವು ದುಬಾರಿಯಾಗುತ್ತದೆ ಎಂಬ ಲೆಕ್ಕವನ್ನು ಯಾವ ಸಮಿತಿ ಹಾಕುತ್ತದೆ?

ಅಣೆಕಟ್ಟಿನ ಕಥೆ ಗುಡ್ಡಕ್ಕೇ ಮರಳುತ್ತದೆ. ಕಟ್ಟಿದಾಗ 133 ಟಿ.ಎಂ.ಸಿ. ಇದ್ದ ಅದರ ಸಾಮರ್ಥ್ಯ ಹೂಳಿನಿಂದ ಸುಮಾರು 106ಕ್ಕೆ ಇಳಿದಿದೆ. ಎಲ್ಲ ಹೂಳೂ ಸಂಡೂರಿನ ಗಣಿಯದಲ್ಲ, ಹಾಗೆ ಹೇಳುವುದು ಅತ್ಯುಕ್ತಿ. ಆದರೆ ಗಣಿಯ ತ್ಯಾಜ್ಯಮಣ್ಣು ನಾರಿಹಳ್ಳಕ್ಕೆ ಇಳಿದದ್ದನ್ನು ಅಲ್ಲಿಯ ಹಳ್ಳಿಗರು ಕಣ್ಣಾರೆ ಕಂಡಿದ್ದಾರೆ. ಗುಡ್ಡ ಕಡಿದರೆ ಮಳೆಯೇ ನಿಲ್ಲುತ್ತದೆ ಎಂಬ ಘೋಷಣೆಯನ್ನು ಪರಿಸರ ಚಳವಳಿ ಇನ್ನಾದರೂ ಕೈಬಿಡುವುದು ಲೇಸು. ಒಂದು ಒಳ್ಳೆಯ ಮಳೆಗಾಲ ಆ ಮಾತನ್ನು ನಗೆಪಾಟಲು ಮಾಡುತ್ತದೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಕಾಡಿರುವ ಗುಡ್ಡ ಅಕ್ಟೋಬರಿನ ಮಳೆಯನ್ನು ತಡೆದು ನಿಧಾನವಾಗಿ ಬಿಡುತ್ತದೆ, ಜನವರಿಯಲ್ಲಿಯೂ ಝರಿ ಜಿನುಗುತ್ತದೆ, ಅಗೆದ ಗುಡ್ಡ ಅದೇ ಮಳೆಯನ್ನು ಅದೇ ದಿನ ಕೆಂಪು ಕೆಸರಾಗಿ ಇಳಿಸುತ್ತದೆ. ಗುಡ್ಡದ ಕಾಡು ಬಳ್ಳಾರಿಯ ಎರಡನೆಯ ಕಣಜ. ಹಿಮಾಲಯಕ್ಕೆ ಹಿಮ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ.

2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಪಾಠ ಕಲಿತಾಯಿತೆಂದು ಹಲವರು ನಂಬಿದರು. 2024ರಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ, ಸುಮಾರು 99 ಸಾವಿರ ಮರಗಳಿರುವಲ್ಲಿ, ಕುದುರೆಮುಖ ಕಂಪನಿಗೆ ಗಣಿ ತೆರೆಯುವ ಪ್ರಯತ್ನ ಮತ್ತೆ ಚುರುಕಾಯಿತು. ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರಿಸದಂತೆ ಸೂಚಿಸಬೇಕಾಯಿತು. ಇನ್ನೊಂದೆಡೆ ಗಣಿಯಿಂದ ನೊಂದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆ ಸುಪ್ರೀಂ ಕೋರ್ಟಿನ ಮೇಲ್ವಿಚಾರಣೆಯಲ್ಲಿದೆ. ಅಷ್ಟು ಹಣವಿರುವ ನಾಡಿನಲ್ಲಿ ಕುರಿಗಾಹಿಗೆ ರಾತ್ರಿ ತಂಗಲು ಒಂದು ಚಪ್ಪರವಿಲ್ಲ, ಕಣಿವೆಯ ಶಾಲೆಯ ಅಂಗಳದಲ್ಲಿ ಒಂದು ಉಷ್ಣಮಾಪಕವಿಲ್ಲವೆಂದರೆ ಅದಕ್ಕೆ ಬಡತನದ ನೆಪ ಹೇಳಲಾಗದು. ಕಟ್ಟಡ, ರಸ್ತೆಗಳಿಗೆ ಗುತ್ತಿಗೆದಾರರಿದ್ದಾರೆ. ಚೌಕುಮಡಿಗೆ ಗುತ್ತಿಗೆದಾರನಿಲ್ಲ, ಅದರಲ್ಲಿ ಲಾಭವಿರುವುದು ಹೊಲದವನಿಗೆ ಮಾತ್ರ.

ಹುಬ್ಬಿ ಮಳೆ ಹುಟ್ಟುವುದು ಆಗಸ್ಟ್ ಕೊನೆಗೆ. ಉತ್ತರಿ, ಹಸ್ತಗಳಲ್ಲಿ ಜೋಳದ ಕೂರಿಗೆ ಹೊರಡುತ್ತದೆ, ಚಿತ್ತಿಯಲ್ಲಿ ಕಡಲೆಯದು. ಆದುದರಿಂದ ಚಳಿಗಾಲದ ಸಿದ್ಧತೆಯ ಗ್ರಾಮಸಭೆ ನಡೆಯಬೇಕಾದುದು ಶ್ರಾವಣದಲ್ಲಿ, ಟಿ.ವಿ.ಯಲ್ಲಿ ಹಿಮದ ಸುದ್ದಿ ಬರುವ ಎರಡು ತಿಂಗಳು ಮೊದಲು. ಆ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ಚೌಕುಮಡಿಗೆ ಕೂಲಿ ಯಾವ ದಿನದಿಂದ? ಹಿಂಗಾರು ಬೀಜ ರೈತ ಸಂಪರ್ಕ ಕೇಂದ್ರಕ್ಕೆ ಬರುವುದು ಹಸ್ತಕ್ಕೆ ಮೊದಲೋ ನಂತರವೋ? ಕಾಲುವೆಗೆ ನೀರಿಲ್ಲದಿದ್ದರೆ ಮೇವು ಎಲ್ಲಿಂದ? ಗಣಿ ಪುನಶ್ಚೇತನದ ಹಣದಲ್ಲಿ ಈ ಪಂಚಾಯತಿಯ ಹೊಲಗಳಿಗೆ ಎಷ್ಟು? ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಪಡೆದುಕೊಳ್ಳಬೇಕು. ಕಣಿವೆಯ ಪ್ರೌಢಶಾಲೆಗಳ ವಿದ್ಯಾರ್ಥಿಗಳು ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ನಿತ್ಯ ಬೆಳಗ್ಗೆ ಕನಿಷ್ಠ ಉಷ್ಣಾಂಶವನ್ನು, ಒಂದು ಏರಿನಲ್ಲಿ ಮತ್ತು ಒಂದು ತಗ್ಗಿನಲ್ಲಿ, ವಹಿಯಲ್ಲಿ ಬರೆದಿಟ್ಟರೆ ಮುಂದಿನ ಶ್ರಾವಣದ ಸಭೆಗೆ ಅದೂ ಒಂದು ದಾಖಲೆಯಾಗುತ್ತದೆ.